ಹಿಮ್ಮಡಿಯ ಕಪ್ಪು ಮಚ್ಚೆ

ಮುಕ್ತಾ,

ದೋಸೆ ಹಿಟ್ಟು ಫ್ರಿಜ್ಜಲ್ಲಿ ಉಂಟು. ಇವತ್ತು ಹೋಟೆಲಿನ ಗಲ್ಲಾದಲ್ಲಿ ನೀನೇ ಕೂತ್ಕೊ. ನಾನು ಲೋಕಲ್ ಟ್ರೈನಲ್ಲಿ ಥಾಣೆಗೆ ಡಾಕ್ಟರ ಹತ್ತಿರ ಹೋಗ್ತಿದ್ದೇನೆ, ಒಬ್ಬನೇ.

ನೀನು ಸ್ನಾನಕ್ಕೆ ಹೋದಾಗ ನಿನ್ನ ಮೊಬೈಲಿಗೆ ಅವರ ಫೋನ್ ಬಂತು. ಪೇಶೆಂಟನ್ನು ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳಿದ್ರು. ಪೇಶೆಂಟೇ ಮಾತಾಡೋದು ಅಂದೆ.

ಹಿಮ್ಮಡಿಯದ್ದು ಚರ್ಮದ ಕ್ಯಾನ್ಸರಂತೆ. ಅಲ್ಲಿಂದ ಹೊರಟು ತೊಡೆಸಂದಿಯ ಗಂಟಲ್ಲಿ ಇಳಿದಿದೆಯಂತೆ. ಅಲ್ಲಿಗೇ ನಿಂತಿದ್ರೆ ಬದುಕುವ ಆಸೆ ಉಂಟು, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ಅದು ಎಲ್ಲಿವರೆಗೆ ಟಿಕೆಟ್ ತೆಗೆದಿದೆ ಅಂತ ಇವತ್ತು ಸ್ಕ್ಯಾನ್ ಮಾಡಿ ನೋಡ್ತಾರೆ.

ರಿಪೋರ್ಟ್ ತರಲಿಕ್ಕೆ ಹೋದವಳು ನೀನು. "ಬರೀ ಆಣಿ ಅಂತೆ, ಅದರ ನೋವಿಗೇ ಗಂಟು ಎದ್ದದ್ದು" ಅಂದೆ. ಅದೇ ಮಚ್ಚೆ ತೋರಿಸಿ, ನಾಗರಹಾವು ಮುತ್ತು ಕೊಟ್ಟ ಗುರುತು ಅಂತ ನಾನು ಗಿರಾಕಿಗಳಿಗೆ ಹೇಳ್ತಿದ್ದೆ. ನನ್ನದು ಸುಳ್ಳು ಅಂತ ಚಾ ಕುಡಿಯುವವರಿಗೆಲ್ಲ ಗೊತ್ತಿರ್ತದೆ ಮಾರಾಯ್ತಿ. ನಿನ್ನದು?

ಅಪರ್ಣಾಳ ಮದುವೆ ಮುಗಿಯಲಿ ಅಂತ ಮುಚ್ಚಿಟ್ಟದ್ದು, ಗೊತ್ತು. ಅಂಬರನಾಥದ ಬೀಗರು ಹಿಂದೆ ಸರಿದಾರು ಅಂತ ನಿನಗೆ ಹೆದರಿಕೆ. ಆದ್ರೆ ಇದು ಮುಹೂರ್ತ ನೋಡಿ ಹರಡುವ ಜಾತಿಯದ್ದಲ್ಲ.

ಕುಕ್ಕರಲ್ಲಿ ಅನ್ನ ಉಂಟು. ಉಂಡೇ ಹೋಗು, ಹೋಟೆಲಲ್ಲಿ ನಿನಗೆ ಪುರುಸೊತ್ತು ಸಿಗ್ಲಿಕ್ಕಿಲ್ಲ.

ಅಪರ್ಣಾಗೆ ಸಂಜೆ ನಾನೇ ಹೇಳ್ತೇನೆ. ಪಪ್ಪನ ಇನ್ನೊಂದು ಕತೆ ಅಂತ ನಗ್ತಾಳೆ. ಆಗ ನೀನು ಹೌದು ಅಂತ ಹೇಳು. ನಿನ್ನ ಮಾತನ್ನು ಅವಳು ನಂಬ್ತಾಳೆ.

ನಾನೂ ನಂಬಿದ್ದೆ.