ಕೊನೆಯಲ್ಲಿ ನಿಂತವನು

ಗ್ವಾರ್ದಾ,
ಮಾರ್ಚ್ ೧೧, ೧೯೯೭

ನನ್ನ ಮುದ್ದಿನ ಸೆರೈನಾ,

ಬಾಸೆಲಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಯಿತೇ? ಸರಿಯಾಗಿ ನಿದ್ದೆ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ಲದೀನಾಳನ್ನು ಬೆಟ್ಟಕ್ಕೆ ಕರೆದೊಯ್ದ ದಿನವೇ ಬರೆಯುತ್ತೇನೆ ಅಂದವನು ಎಂಟು ದಿನ ಸುಮ್ಮನಿದ್ದೆ. ಮಂಡಿನೋವೆಂದು ನೆಪ ಹೇಳಬಹುದಿತ್ತು, ಆದರೆ ಬರೆಯುವುದು ಕೈ ತಾನೇ. ಬೈದುಕೋ.

ನಿನ್ನ ಗಂಡ ಕುರ್ದಿನ್ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಮೇಲೆ ಒಂಬತ್ತು ವರ್ಷ ನೀನು ಮಗಳನ್ನು ಪಿಟ್ಸ್ ಮಾರ್ಗುನ್ ಬೆಟ್ಟದ ಕಡೆ ತಲೆಹಾಕಲೂ ಬಿಟ್ಟಿರಲಿಲ್ಲ. ಹಿಮದಡಿ ಸಿಕ್ಕವರ ಜಾಗವನ್ನು ಕೂಗಿ ತಿಳಿಸುವ ಯಂತ್ರ ಇದೆಯಲ್ಲ, ಅವನದು ಕೂಗದೆ ಎರಡು ದಿನ ಹುಡುಕಬೇಕಾಯಿತಲ್ಲ. "ಅಷ್ಟು ದೊಡ್ಡ ಗೈಡು, ತನ್ನ ಯಂತ್ರ ಸರಿ ಮಾಡ್ಕೊಳ್ಳೋದು ಮರೆತ, ಮನೇಲಿ ಮಗು ಇರೋದೂ ಮರೆತ" ಅಂತ ಇವತ್ತಿಗೂ ಅವನ ಮೇಲೆ ಸಿಟ್ಟು ನಿನಗೆ. ಹಾಗಿದ್ದೂ ಹದಿನಾರರ ಲದೀನಾಳನ್ನು ನನ್ನ ಕೈಗೊಪ್ಪಿಸಿದೆ. ಅದು ಸಣ್ಣ ಮಾತಲ್ಲ.

ಬೆಳಿಗ್ಗೆ ಆರಕ್ಕೇ ಹೊರಟೆವು. ಪಕ್ಕದ ಮನೆಯ ಮೆಂಗಿಯಾಳೂ ಜೊತೆಗೂಡಿದಳು. ಅವಳ ಬಾಯಿಗೆ ಚಳಿಯೂ ಬೀಗ ಹಾಕಲಾರದು. ಮೇಲಿನ ದನದ ಕೊಟ್ಟಿಗೆಯ ಹತ್ತಿರ ಎದೆಗೆ ಕಟ್ಟಿದ ಯಂತ್ರಗಳನ್ನು ಪರೀಕ್ಷೆ ಮಾಡಿದೆವು. ಮುಂದಾಳು ನಾನು, ನನ್ನದನ್ನು ಕೇಳುವ ಕಡೆಗೆ ತಿರುಗಿಸಿ ನಿಂತೆ. ಇಬ್ಬರೂ ಒಬ್ಬೊಬ್ಬರಾಗಿ ಹಾದುಹೋದರು, ಇಬ್ಬರದೂ ಕೂಗಿತು. ಸರಿ ಎಂದು ಹೊರಟೇಬಿಟ್ಟೆ.

"ತಾತ, ನಿಲ್ಲು. ನಿಂದು ಯಾರು ಕೇಳಿದ್ರು?" ಅಂದಳು ಲದೀನಾ. "ಮುಂದಾಳಿಂದು ಕೇಳೋದು ಕೊನೇವರ ಕೆಲಸ ಅಲ್ವಾ? ಕೊನೇವಳು ನಾನು."

"ನಲವತ್ತು ವರ್ಷದಿಂದ ಜನರನ್ನ ಈ ಬೆಟ್ಟ ಹತ್ತಿಸ್ತಿದೀನಿ ಕಣೇ, ನಂದೇನು ಕೇಳ್ತೀಯಾ?"

"ಅದನ್ನ ಹಿಮಕ್ಕೆ ಹೇಳು, ಮರ್ಯಾದೆ ಕೊಡುತ್ತೇನೋ ನೋಡೋಣ."

ಮೆಂಗಿಯಾ ನಕ್ಕಳು. "ಅಜ್ಜನ ಕಿವಿ ಹಿಂಡೋಕೆ ಮೊಮ್ಮಗಳೇ ಬರಬೇಕಾಯ್ತು."

ಲದೀನಾ ತನ್ನ ಯಂತ್ರವನ್ನು ಕೇಳುವ ಕಡೆಗೆ ತಿರುಗಿಸಿ ನನ್ನ ಎದೆಯ ಹತ್ತಿರ ಹಿಡಿದಳು. ಸದ್ದೇ ಇಲ್ಲ. ನನ್ನದನ್ನು ವಾಪಸು ಕೂಗುವ ಕಡೆಗೆ ತಿರುಗಿಸಲು ಮರೆತಿದ್ದೆ. ಹಿಮದಡಿ ಸಿಕ್ಕಿದ್ದರೆ ನಾನಿರುವ ಜಾಗ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ನನ್ನ ಗುಂಡಿ ತಿರುಗಿಸಿ, ತನ್ನದನ್ನೂ ತಿರುಗಿಸಿಕೊಂಡು, ನನ್ನ ಜಾಕೆಟ್ಟಿನ ಜಿಪ್ ಗದ್ದದವರೆಗೆ ಎಳೆದಳು.

ನಾಲ್ಕು ಗಂಟೆ ಹತ್ತಿ, ತುದಿಯಲ್ಲಿ ಕೈಕುಲುಕಿ, ಅಕ್ರೋಡಿನ ಕೇಕ್ ತಿಂದೆವು. ಸ್ಕೀಗಳ ಮೇಲೆ ಜಾರುತ್ತ ಇಳಿಯುವಾಗ ಹಗುರವಾದ ಹೊಸ ಹಿಮ. ನಿನ್ನ ಮಗಳು ತಿರುವಿನಲ್ಲಿ ಎಡಭುಜ ತಗ್ಗಿಸುತ್ತಾಳೆ, ಥೇಟ್ ಅವರಪ್ಪ. ನನ್ನ ಕಣ್ಣು ತುಂಬಿತು, ಹಿಮದ ಕನ್ನಡಕದೊಳಗೆ ಒರೆಸಿಕೊಳ್ಳುವುದಾದರೂ ಹೇಗೆ? ಮೆಂಗಿಯಾ ಎರಡು ಸಲ ಬಿದ್ದು, ಎರಡು ಸಲವೂ ಹೊಸ ಸ್ಕೀಗಳನ್ನು ಬೈದಳು.

ಮನೆಯಲ್ಲಿ ಬಾರ್ಲಿ ಸೂಪು ಕುಡಿಯುತ್ತ ಲದೀನಾ ಕೇಳಿದಳು: "ಅಪ್ಪ ಇದ್ದಿದ್ರೆ ನನ್ನ ಬೈತಿದ್ನಾ, ಹೊಗಳ್ತಿದ್ನಾ?"

"ನಿನ್ನ ಬೈದು, ನನ್ನ ಹತ್ರ ಬಂದು ಹೊಗಳ್ತಿದ್ದ" ಅಂದೆ. ಇನ್ನೊಂದು ಬಟ್ಟಲು ಸೂಪು ಹಾಕಿಸಿಕೊಂಡಳು.

ದೇವರು ನಿನ್ನನ್ನು ತಂಪಾಗಿಟ್ಟಿರಲಿ ಮಗಳೇ. ಇಂಥ ಹುಡುಗಿಯನ್ನು ಬೆಳೆಸಿದ್ದೀಯ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಯಾಖೆನ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಒಡೆದೆ. ಒಂಬತ್ತು ವರ್ಷದ ಹಿಂದೆ, ಹಿಮ ಕುಸಿದ ಆ ದಿನ, ಮುಂದಾಳು ಕುರ್ದಿನ್, ಸಾಲಿನಲ್ಲಿ ಕೊನೆಯವನು ನಾನು. ನಮ್ಮೆಲ್ಲರದನ್ನೂ ಕೇಳಿದ ಮೇಲೆ ಅವನು ನನ್ನ ಮುಂದೆ ಬಂದು ನಿಂತ. "ಮಾವ, ನಂದೊಂದು ಕೇಳಿಬಿಡಿ" ಅಂದ. "ನಿಂದೇನೋ ಕೇಳೋದು, ಬಿಸಿಲೇರುತ್ತೆ, ನಡಿ" ಅಂದೆ. ನೀನು ಅವನನ್ನು ಬೈದಾಗಲೆಲ್ಲ ಧೈರ್ಯ ಸಾಲದೆ ತಲೆಯಾಡಿಸಿದೆ, ನನ್ನ ತಪ್ಪನ್ನು ಸತ್ತವನ ಮೇಲೆ ಹಾಕಿ ಒಂಬತ್ತು ವರ್ಷ ಬದುಕಿದೆ. ನನ್ನನ್ನು ಬೈ, ಇಲ್ಲವೇ ಈ ಮನೆಗೆ ಕಾಲಿಡಬೇಡ, ಒಪ್ಪುತ್ತೇನೆ. ಆದರೆ ನಿನ್ನ ಗಂಡ ನಿಂತು ಕೇಳಿದ್ದ ಮಗಳೇ. ನಿಲ್ಲದವನು ನಾನು.