ಖಾಲಿ ಕುರ್ಚಿಯ ಎಲೆಗಳು

ತಾಂಡೂರು, ಜನವರಿ ೨೦೧೦

ಮೊಗಲಪ್ಪನವರಿಗೆ ಆತ್ಮಾರಾಮನ ನಮಸ್ಕಾರ.

ಪೋಕರ್ ಎಂಬ ಇಸ್ಪೀಟಿನ ಪಂದ್ಯಕ್ಕೆ ನಿಮ್ಮ ಮಗ ಅಮರ್ ಹೊಸಬ, ಅದನ್ನು ನಡೆಸುವ ನಾನು ಹಳಬ. ಮೊದಲ ದಿನ ತಡವಾಗಿ ಬಂದು, "ಬಂದ್ ಅದರಿ ಕಾಕಾ, ಬಸ್ಸಿಲ್ಲ" ಎಂದ. "ಟೈಮಿಗಿ ಬರಾಕ ಆಗದವ ಆಡಾಕ ಕೂಡಬಾರ್ದು" ಎಂದು ಎಲ್ಲರೆದುರು ಬೈದೆ. ಮರುದಿನ ಅವನು ಯಾಲಾಲಿನಿಂದ ಬೈಕಿನಲ್ಲಿ ಹೊರಟಿದ್ದು ನನಗೆ ಗೊತ್ತಿರಲಿಲ್ಲ. ಬಾರದವನಿಗೂ ಎಲೆ ಹಂಚುವುದು ಪಂದ್ಯದ ನಿಯಮ. ಅವನ ಖಾಲಿ ಕುರ್ಚಿಯೆದುರು ಹಂಚಿಸುತ್ತಲೇ ಇದ್ದೆ. ಸಂಜೆ ಅವನು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂತು.

ಮೊದಲ ದಿನ ಅವನು ಬಿಟ್ಟುಹೋದ ಸ್ವೆಟರ್ ಕುರ್ಚಿಯ ಮೇಲಿದೆ. ಯಾರನ್ನಾದರೂ ಕಳಿಸಿರಿ.

ಇನ್ನೊಬ್ಬರ ಎಲೆ ಎತ್ತಿ ನೋಡಬಾರದೆಂದು ಅವನಿಗೆ ಹೇಳಿದವನೂ ನಾನೇ. ಎಲ್ಲರೂ ಹೋದ ಮೇಲೆ ಅವನ ಕೊನೆಯ ಎರಡು ಎಲೆಗಳನ್ನು ಎತ್ತಿ ನೋಡಿದೆ. ಆಡುವಂಥವಲ್ಲ. ನಿಧಾನವಾಗಿ ಬಂದಿದ್ದರೂ ಅವನು ಏನೂ ಕಳೆದುಕೊಳ್ಳುತ್ತಿರಲಿಲ್ಲ.

ಇಂತಿ,
ಆತ್ಮಾರಾಮ