ಕೊರಳಿಂದ ಇಳಿದ ವೀಣೆ

ಕುಷಾಯಿಗೂಡ, ಹೈದರಾಬಾದ್
೧೨ ಆಗಸ್ಟ್ ೨೦೨೧, ಗುರುವಾರ

ಜೀವದ ಗೆಳತಿ ಸಾವಿತ್ರಿಬಾಯಿಗೆ,
ಪಾರ್ವತೆಮ್ಮನ ಶರಣು ಶರಣಾರ್ಥಿ.

ನಿನ್ನ ಮೊದಲ ಪತ್ರ ಬಂದಾಗ ಮೃಗಶಿರಾ ಮಳೆ. ಈಗ ಶ್ರಾವಣ ಬಂದು ಕೂತಿದೆ. ಉತ್ತರ ಬರೆಯದ ನನ್ನನ್ನು ನೀನು ಎಷ್ಟು ಬೈದಿದ್ದೀಯೋ ಅಷ್ಟೂ ನನಗೆ ಸಲ್ಲಬೇಕು. ಫೋನನ್ನೂ ಎತ್ತುವುದಿಲ್ಲ ಎಂದು ದೂರಿದ್ದೀಯ. ಎತ್ತಲಿಲ್ಲ, ನಿಜ. ಎತ್ತಿದ್ದರೂ ಏನು ಬಂತು? ನಿನಗೆ ಕಿವಿ ಮಂದ, ನನಗೆ ಬಾಯಿ ದೊಡ್ಡದು. ನಾನು ಕೂಗುವುದು, ನೀನು "ಆಂ?" ಅನ್ನುವುದು, ಪಕ್ಕದ ಮನೆಯವರು ನಮ್ಮ ಸಂಸಾರವನ್ನೆಲ್ಲ ಕೇಳಿಸಿಕೊಂಡು ಒಗ್ಗರಣೆ ಹಾಕುವುದು. ಕಾಗದವೇ ವಾಸಿ.

ನಾನು ಆರಾಮ ಇದ್ದೇನೆ. ಮಂಡಿ ನೋವು ಇದ್ದ ಹಾಗೇ ಇದೆ. ಮಗಳು ಶೈಲಾ ನಾರಾಯಣಗೂಡದ ಕೋಚಿಂಗ್ ಸೆಂಟರಿಗೆ ಮತ್ತೆ ಪಾಠ ಹೇಳಲು ಹೋಗುತ್ತಿದ್ದಾಳೆ. ಭಾನುವಾರಕ್ಕೊಮ್ಮೆ ಬಂದು ಫ್ರಿಜ್ಜಿನಲ್ಲಿರುವುದನ್ನೆಲ್ಲ ಮೂಸಿ ನೋಡಿ, ನನಗೆ ಬುದ್ಧಿ ಹೇಳಿ ಹೋಗುತ್ತಾಳೆ. ತನ್ನ ಮನೆಗೇ ಬಂದಿರು ಅನ್ನುತ್ತಾಳೆ, ನಾನು ಹೂಂ ಅನ್ನುವುದಿಲ್ಲ. ಬೆಳಗಿನ ಲಿಂಗಪೂಜೆ ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಯಾಕೆ ಬರೆಯುತ್ತೇನೆಂದರೆ, ಪಾರ್ವತಿ ದೇವರನ್ನೇ ಬಿಟ್ಟಳು ಅಂತಲೂ ನಿನಗೆ ಯಾರಾದರೂ ಹೇಳಿರಬಹುದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಭಜನಾ ಮಂಡಳಿಯ ಪರಮೇಶ ನಿನಗೆ ಕಾಗದ ಹಾಕಿದ್ದಾನೆ, ಶ್ರಾವಣದ ಮೂರನೆಯ ಸೋಮವಾರದಿಂದ ಇಲ್ಲಿ ಮತ್ತೆ ಶಿವನಾಮ ಸಪ್ತಾಹ ಹಿಡಿಯುತ್ತಾರೆ, ನೀನು ಭಾಲ್ಕಿಯ ಹಿರಿಯರನ್ನೆಲ್ಲ ಕಟ್ಟಿಕೊಂಡು ಬರುತ್ತೀ ಎಂದು ಬರೆದಿದ್ದೀಯ. ಸಾವಿತ್ರಿ, ಬರಬೇಡ. ನನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಸರಿ. ನೀನೂ ಬರಬೇಡ, ಯಾರನ್ನೂ ಕರೆತರಬೇಡ.

ಯಾಕೆ ಅನ್ನುತ್ತೀ. ಯುಗಾದಿಯ ಸಪ್ತಾಹದ ಕಥೆಯನ್ನು ಪರಮೇಶ ತನಗೆ ತೋಚಿದಂತೆ ಬರೆದಿದ್ದಾನೆ. ನನ್ನ ಬಾಯಿಂದಲೂ ಒಮ್ಮೆ ಕೇಳು.

ಆಗ ನಮ್ಮ ಕಾಲೊನಿಯಲ್ಲಿ ಹಗಲೆಲ್ಲ ಆಂಬುಲೆನ್ಸ್ ಸದ್ದು. ಟಿವಿ ಹಚ್ಚಿದರೆ ಹೆಣ, ಆರಿಸಿದರೆ ಸೈರನ್ನು. ಎದುರು ಮನೆಯ ತೆಲುಗರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಹಿಂದಿನ ಓಣಿಯವರು ಮನೆಮನೆಯಲ್ಲೂ ದುಆ ಓದಿಸಿದರು. ನಾವು ಸುಮ್ಮನಿರುವ ಜನವೇ? ಬೀದರ್ ಕಲಬುರಗಿ ಕಡೆಯಿಂದ ಬಂದ ಕಾರ್ಖಾನೆಯ ನಿವೃತ್ತರು, ಕಟ್ಟಡ ಕೆಲಸದವರು, ಎಲ್ಲರೂ ಭಜನೆ ಮನೆಯಲ್ಲಿ ಕೂಡಿದೆವು. ಪರಮೇಶ ಎದ್ದು ನಿಂತು, "ವೀಣಾ ಕೊರಳಾಗ ಇರೋತನಕ ಯಾವ ರೋಗಾನೂ ನಮ್ಮ ಗೇಟ್ ದಾಟಂಗಿಲ್ಲ" ಅಂದ. ಎಲ್ಲರ ತಲೆ ಆಡಿತು. ನನ್ನದೂ ಆಡಿತು, ಸುಳ್ಳು ಯಾಕೆ ಹೇಳಲಿ.

ನಿಯಮ ನಿನಗೆ ಹೇಳಬೇಕಾಗಿಲ್ಲ, ನಿಮ್ಮಪ್ಪನೇ ನಮಗೆ ಕಲಿಸಿದ್ದು. ಏಳು ದಿನ ನಾಮ ನಿಲ್ಲಬಾರದು, ಕೊರಳಿಗೆ ತೂಗುಹಾಕಿಕೊಂಡು ನುಡಿಸುವ ಆ ವೀಣೆ ನೆಲ ಕಾಣಬಾರದು. ಒಬ್ಬರ ಪಹರೆ ಮುಗಿದರೆ ಇನ್ನೊಬ್ಬರು ಸ್ನಾನ ಮಾಡಿ, ವಿಭೂತಿ ಧರಿಸಿ ಬಂದು, ಒಬ್ಬರ ಕಾಲಿಗೊಬ್ಬರು ಬಿದ್ದು, ಕೊರಳಿಂದ ಕೊರಳಿಗೆ ತೊಡಿಸಿಕೊಳ್ಳಬೇಕು. ಹಾಗೆ ತೊಡಿಸುವಾಗ ಹಣೆಗೆ ಹಣೆ ತಾಗುತ್ತದೆ. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ಬಡಿಯುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿದರೆ ನನಗೆ ಕಣ್ಣು ತುಂಬಿ ಬರುತ್ತಿತ್ತು. ನಿಮ್ಮಪ್ಪ ತೀರಿಕೊಂಡ ಮೇಲೆ ಅವರ ಆ ವೀಣೆಯನ್ನೇ ನೀನು ನಮ್ಮ ಮಂಡಳಿಗೆ ಕೊಟ್ಟಾಗ ನಾನು ಎಷ್ಟು ಹಿಗ್ಗಿದ್ದೆ, ನಿನಗೆ ನೆನಪಿರಬೇಕು.

ಜನ ಗುಂಪು ಕೂಡಬಾರದೆಂದು ಸರ್ಕಾರದ ಆಜ್ಞೆ ಇತ್ತು. ಭಜನೆಯ ಸದ್ದು ಕೇಳಿದರೆ ಪೊಲೀಸರು ಬರುತ್ತಾರೆಂದು ಕಿಟಕಿಗಳನ್ನೆಲ್ಲ ಮುಚ್ಚಿದರು, ಸಂದುಗಳಿಗೆ ಹಳೆಯ ಸೀರೆ ತುರುಕಿದರು. ಒಳಗೆ ಧೂಪದ ಹೊಗೆ, ಬೆವರು, ತಾಳ. ಮಾಸ್ಕ್ ಹಾಕಿಕೊಂಡು ಶಿವನಾಮ ಹೇಳಿದರೆ ಶಿವನಿಗೆ ಕೇಳಿಸುತ್ತದೆಯೇ ಎಂದು ಅದನ್ನೂ ಗೂಟಕ್ಕೆ ನೇತುಹಾಕಿದರು. ಬಾಗಿಲ ಹತ್ತಿರ ಮಾಸ್ಕುಗಳ ಸಾಲೇ ಇತ್ತು, ಬಟ್ಟೆ ಒಣಹಾಕಿದ ಹಾಗೆ.

ಎರಡನೆಯ ದಿನವೇ ಗುರುಶಾಂತ ಕೆಮ್ಮುತ್ತ ಬಂದ. ಗೋಡೆಗೆ ಸಿಮೆಂಟು ಮೆತ್ತುವ ಗಿಲಾಯಿ ಮೇಸ್ತ್ರಿ, ಸೇಡಂ ಕಡೆಯ ಹುಡುಗ, ಮಂಡಳಿಗೇ ಒಳ್ಳೆಯ ಕಂಠ ಅವನದು. ಏನಪ್ಪ ಕೆಮ್ಮು ಎಂದು ಕೇಳಿದೆ. "ಸಿಮೆಂಟಿನ ಧೂಳ ಐತ್ರಿ ಅಮ್ಮಾರ, ದಿನಾ ಇರೋದೇ" ಅಂದ. ಅವನ ಕೊರಳಿಂದ ವೀಣೆ ನಮ್ಮ ಮನೆಯವರು ಮಾಣಿಕಪ್ಪನವರ ಕೊರಳಿಗೆ ಬಂತು. ಇಬ್ಬರೂ ಹಣೆ ತಾಗಿಸಿಕೊಂಡು ನಕ್ಕರು. ಮರುದಿನ ಗುರುಶಾಂತ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಪ್ಪುತ್ತ ಹೋದರು. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಇನ್ನೊಬ್ಬರ ಮನೆಗೆ ನೆಂಟರು. ಜ್ವರ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹೇಗೆ ಬಂದೀತು? ಜ್ವರ ಬಂತು ಅಂದರೆ ನಾಮ ಸೋತಿತು ಅಂದ ಹಾಗೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ರೋಗ ಗೇಟು ದಾಟಿ ನಮ್ಮ ನಡುವೆಯೇ ಕೂತು ತಾಳ ಹಾಕುತ್ತಿತ್ತು. ನಾವು ಕಿಟಕಿ ಮುಚ್ಚಿ ಅದನ್ನು ಕಾಯುತ್ತಿದ್ದೆವು.

ಉಳಿದವರಿಗೆ ಪಹರೆ ಉದ್ದವಾಯಿತು. ನಮ್ಮವರ ಹಟ ನಿನಗೆ ಗೊತ್ತು. ಕಾರ್ಖಾನೆಯಲ್ಲಿ ಇದ್ದಷ್ಟು ವರ್ಷವೂ ಬದಲಿಯವ ಬರುವ ಮೊದಲು ಮಷಿನ್ನು ಬಿಟ್ಟು ಬಂದವರಲ್ಲ. ಆರನೆಯ ದಿನ ಬೆಳಿಗ್ಗೆ ಹೋದವರು ಮಧ್ಯಾಹ್ನವಾದರೂ ಊಟಕ್ಕೆ ಬರಲಿಲ್ಲ. ಜೋಳದ ಗಂಜಿ ಹಿಡಿದು ನಾನೇ ಹೋದೆ. ಭಜನೆ ಮನೆಯಲ್ಲಿ ಅವರನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ದೀಪ ಒಂದೇ. ಅವರು ಕಂಬಕ್ಕೆ ಒರಗಿ ನಿಂತಿದ್ದರು, ವೀಣೆ ಕೊರಳಲ್ಲಿತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಮೈ ಮುಟ್ಟಿದೆ. ಒಲೆಯ ಮೇಲಿನ ಹಂಚು ಮುಟ್ಟಿದ ಹಾಗಾಯಿತು.

ದವಾಖಾನೆಗೆ ನಡೀರಿ ಎಂದೆ, ತಲೆ ಅಲ್ಲಾಡಿಸಿದರು. ಪರಮೇಶನಿಗೆ ಫೋನು ಮಾಡಿದೆ. ತನಗೇ ಮೈ ಸರಿಯಿಲ್ಲ, ಯಾರನ್ನಾದರೂ ಕಳಿಸುತ್ತೇನೆ, ಅಲ್ಲಿತನಕ ತಡೆಯಿರಿ ಅಂದ. ಯಾರೂ ಬರಲಿಲ್ಲ. ಅವರ ಉಗುರು ನೀಲಿಯಾಗುತ್ತಿತ್ತು, ಸಾವಿತ್ರಿ. ಆಗ ನಾನೇ, "ನನಗ ಕೊಡ್ರಿ, ನಾ ಹಿಡೀತೀನಿ, ನೀವು ಹೋಗ್ರಿ" ಅಂದೆ. ಚಿಕ್ಕಂದಿನಲ್ಲಿ ನಿಮ್ಮ ಹಿತ್ತಲಿನಲ್ಲಿ ನೀನೂ ನಾನೂ ಸರದಿ ಮೇಲೆ ಅದೇ ವೀಣೆ ಹಾಕಿಕೊಂಡು ನಿಲ್ಲುತ್ತಿರಲಿಲ್ಲವೇ? ನಿಮ್ಮಪ್ಪ ನೋಡಿಯೂ ನೋಡದ ಹಾಗೆ ಹೋಗುತ್ತಿರಲಿಲ್ಲವೇ? ಆದರೆ ಈ ಮಂಡಳಿಯಲ್ಲಿ ಹೆಂಗಸರಿಗೆ ಪಹರೆ ಇಲ್ಲ. ಅವರು ಎರಡೂ ಕೈಯಿಂದ ವೀಣೆಯನ್ನು ಎದೆಗೆ ಒತ್ತಿ ಹಿಡಿದರು. ನನ್ನ ಕೊರಳಿಗೆ ಕೊಟ್ಟಿದ್ದರೆ ಅದು ಇಳಿಯುತ್ತಲೇ ಇರಲಿಲ್ಲ.

ನಾನು ಇಳಿಸಿದೆ. ಅವರ ಬೆರಳು ಬಿಡಿಸಿ, ಹೆಗಲ ಮೇಲಿದ್ದ ಶಾಲು ಹಾಸಿ, ಕೂಸನ್ನು ಮಲಗಿಸುವ ಹಾಗೆ ಅದರ ಮೇಲೆ ಮಲಗಿಸಿದೆ. "ಇಳಿಸಬ್ಯಾಡ" ಅಂದರು. ಅಷ್ಟೇ. ಅದೇ ಅವರು ನನಗೆ ಆಡಿದ ಕಡೆಯ ಮಾತು. ಆಟೋದಲ್ಲಿ ಉದ್ದಕ್ಕೂ ಆಚೆ ಕಡೆ ಮುಖ ಮಾಡಿ ಕೂತರು.

ದವಾಖಾನೆಯವರು ಬಾಗಿಲಲ್ಲೇ ಒಳಗೆಳೆದುಕೊಂಡರು, ನನ್ನನ್ನು ಹೊರಗೆ ನಿಲ್ಲಿಸಿದರು. ಫೋನು ಅವರ ಕಿಸೆಯಲ್ಲೇ ಇತ್ತು. ಮಾತಾಡಿದರೆ ಉಸಿರು ಕಡಿಮೆಯಾಗುತ್ತದೆ, ನೀವಾಗಿ ಫೋನು ಮಾಡಬೇಡಿ ಎಂದು ನರ್ಸಮ್ಮ ಹೇಳಿದಳು. ಮಾಡಲಿಲ್ಲ. ನನ್ನ ಫೋನನ್ನು ಚಾರ್ಜಿಗೆ ಹಾಕಿ ಅದರ ಪಕ್ಕದಲ್ಲೇ ಕೂತಿದ್ದೆ, ಸ್ನಾನಕ್ಕೆ ಹೋದರೂ ಬಾಗಿಲು ತೆರೆದಿಟ್ಟು ಹೋಗುತ್ತಿದ್ದೆ. ವಾರ ತುಂಬುವುದರೊಳಗೆ ಹೋಗಿಬಿಟ್ಟರು. ನಮ್ಮಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣಿಗೆ ಕೊಡುತ್ತಾರೆ. ಅವರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೆಂಕಿಗೆ ಕೊಟ್ಟರು. ಶೈಲಾ ದೂರದಿಂದ ನೋಡಿ ಬಂದಳು. ನನ್ನನ್ನು ಬಿಡಲಿಲ್ಲ.

ಗುರುಶಾಂತನೂ ಉಳಿಯಲಿಲ್ಲ. ಮಂಡಳಿಯ ಇನ್ನೂ ಕೆಲವರು ಹೋದರು. ಆಮೇಲೆ ಶುರುವಾಯಿತು ನೋಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪಾರ್ವತೆಮ್ಮ ವೀಣೆ ಇಳಿಸಿದಳು, ಅದಕ್ಕೇ ಇಷ್ಟು ಜನ ಸತ್ತರು. ಜ್ವರ ಮೊದಲು ಬಂತೋ ವೀಣೆ ಮೊದಲು ಇಳಿಯಿತೋ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ವೀಣೆ ಕೆಳಗಿದ್ದದ್ದು ಬಂದವರ ಕಣ್ಣಿಗೆ ಬಿದ್ದಿರಬೇಕು. ಆದರೆ ಇಳಿಸಿದ ಕೈ ನನ್ನದು ಎಂದು ಅವರಿಗೆ ಹೇಗೆ ಗೊತ್ತಾಯಿತು ಅಂತ ಆಗ ನನಗೆ ಹೊಳೆಯಲಿಲ್ಲ. ಅಲ್ಲಿ ಇದ್ದವರು ನಾವಿಬ್ಬರೇ.

ತರಕಾರಿ ಬಂಡಿಯ ಹತ್ತಿರ ನಾನು ಹೋದರೆ ನಮ್ಮ ಹೆಂಗಸರು ಆಚೆ ಸರಿಯುತ್ತಾರೆ. ಅದಕ್ಕೆ ನಾನು ಅಂಜುವವಳಲ್ಲ, ಬದನೆಕಾಯಿ ಆರಿಸಲು ಜಾಗ ಸಿಕ್ಕಿತು ಅಂದುಕೊಳ್ಳುತ್ತೇನೆ. ಆದರೆ ಒಮ್ಮೆ ಗುರುಶಾಂತನ ಹೆಂಡತಿ ಎದುರಾದಳು. ಕಂಕುಳಲ್ಲಿ ಕೂಸು. ಬೈಯಲಿಲ್ಲ, ಅಳಲಿಲ್ಲ. "ಇನ್ನೊಂದು ತಾಸು ತಡೀಬೇಕಿತ್ರಿ ಅಮ್ಮಾರ" ಅಂದಳು. ಅವಳಿಗೆ ಏನು ಹೇಳಲಿ? ನಿನ್ನ ಗಂಡನ ಕೆಮ್ಮೇ ನನ್ನ ಗಂಡನ ಕೊರಳಿಗೆ ಬಂತು ಅಂತ ಹೇಳಲೇ? ಮನೆಗೆ ಬಂದೆ.

ಹೋದ ವಾರ ಪರಮೇಶ ಬಂದಿದ್ದ. ಮೂರನೇ ಅಲೆ ಬರುತ್ತದಂತೆ, ಮುರಿದ ಸಪ್ತಾಹವನ್ನು ಅಷ್ಟರೊಳಗೆ ಪೂರ್ತಿ ಮಾಡದಿದ್ದರೆ ಈ ಸಲ ಮಕ್ಕಳನ್ನೇ ಕೇಳುತ್ತದಂತೆ. ವೀಣೆ ಅಂದಿನಿಂದ ಭಜನೆ ಮನೆಯಲ್ಲಿ ಅದೇ ಶಾಲಿನ ಮೇಲೆ ಮಲಗಿದೆ. ಮುಟ್ಟಲು ಒಬ್ಬರಿಗೂ ಧೈರ್ಯವಿಲ್ಲ. ಅದನ್ನು ಕೊಟ್ಟ ಮನೆತನದ ಕೈಯೇ, ಅಂದರೆ ನಿನ್ನ ಕೈಯೇ, ಮೊದಲು ಎತ್ತಿ ಕೊಡಬೇಕಂತೆ. ಹೆಂಗಸಾದರೂ ಅಷ್ಟಕ್ಕೆ ನಡೆಯುತ್ತದಂತೆ. ನಾನು ಮಾತ್ರ ಆ ಏಳು ದಿನ ಮಗಳ ಮನೆಯಲ್ಲಿದ್ದರೆ ಒಳ್ಳೆಯದಂತೆ. ಕಿಟಕಿ ತೆರೆದಿಡುತ್ತೀರೇನಪ್ಪ ಎಂದು ಕೇಳಿದೆ. ಈಗ ಎಲ್ಲರೂ ಸೂಜಿ ಹಾಕಿಸಿಕೊಳ್ಳುತ್ತಿದ್ದಾರೆ ಎಂದು ಮಾತು ಹಾರಿಸಿದ. ಹೀಗೆ ಹೇಳುತ್ತ ಮಗ್ಗುಲಿಗೆ ತಿರುಗಿ ಎರಡು ಸಲ ಕೆಮ್ಮಿದ. ಏನಪ್ಪ ಅಂದೆ. ಧೂಳು ಅಂದ.

ತಿಳಿಯಿತೇ ಸಾವಿತ್ರಿ? ನೀನು ಬಾರದಿದ್ದರೆ ಆ ವೀಣೆ ಯಾರ ಕೊರಳಿಗೂ ಏರುವುದಿಲ್ಲ. ನಿಮ್ಮಪ್ಪನ ವಸ್ತು, ನನಗೆ ವಾಪಸು ಬೇಕು ಎಂದು ಪರಮೇಶನಿಗೆ ಎರಡು ಸಾಲು ಬರೆದುಬಿಡು. ಶಿವನ ನಾಮ ಹೇಳಬೇಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅವರವರ ಮನೆಯಲ್ಲಿ, ಕಿಟಕಿ ತೆರೆದು ಕೂತು ಹೇಳಿದರೂ ಅವನಿಗೆ ಕೇಳಿಸುತ್ತದೆ. ನಿನಗಿದ್ದಷ್ಟು ಮಂದ ಕಿವಿ ಅವನಿಗಿಲ್ಲ. ಇಷ್ಟು ಹೇಳಿಯೂ ಬಂದೆಯೋ, ಬೀದರಿನ ಗಾಡಿ ಬರುವ ಹೊತ್ತಿಗೆ ನಾಂಪಲ್ಲಿ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ, ಅದೇ ಗಾಡಿಯಲ್ಲಿ ನಿಮ್ಮನ್ನೆಲ್ಲ ಕೂರಿಸಿ ಕಳಿಸುತ್ತೇನೆ. ಹೈದರಾಬಾದಿಗೆ ಬಂದು ನೀರೂ ಕೊಡಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗು, ಜೀವಂತ ಇದ್ದು ಹೇಳಿಕೊಂಡು ತಿರುಗು.

ಮಗನಿಗೆ ಸೊಸೆಗೆ ನನ್ನ ಆಶೀರ್ವಾದ. ಮೊಮ್ಮಗಳ ಹಲ್ಲು ಬಂತೇ? ನೀನು ತಣ್ಣಗಿರು, ನಿನ್ನ ಮನೆ ತಣ್ಣಗಿರಲಿ.

ನಿನ್ನವಳೇ ಆದ,
ಪಾರ್ವತಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಪರಮೇಶ ಮುಂದೆ ಎಂದಾದರೂ ನಿನ್ನೆದುರು ಪುರಾಣ ಹೇಳಿದ ಹಾಗೆ ಹೇಳುತ್ತಾನೆ. ಅದಕ್ಕಿಂತ ನನ್ನಿಂದಲೇ ಕೇಳು. ಇಳಿಸಿದ್ದು ನಾನು ಅಂತ ನಿಮಗೆ ಹೇಳಿದವರು ಯಾರು ಎಂದು ಹೋದ ವಾರ ಬಂದಾಗ ಅವನನ್ನು ಕೇಳಿಯೇಬಿಟ್ಟೆ. ಅವನಿಗೆ ಆಶ್ಚರ್ಯವಾಯಿತು. ಮಾಣಿಕಪ್ಪನವರೇ ದವಾಖಾನೆಯಿಂದ ಫೋನು ಮಾಡಿದ್ದರಂತೆ, ಹೋಗುವ ಹಿಂದಿನ ದಿನ. ದನಿ ಬರುತ್ತಿರಲಿಲ್ಲವಂತೆ, ತಡೆದು ತಡೆದು ಹೇಳಿದರಂತೆ: "ಪರಮೇಶ, ನನ್ನ ಪಹರೇದಾಗ ವೀಣಾ ನಾ ಇಳಿಸಿಲ್ಲ. ಆಕಿ ಇಳಿಸ್ಯಾಳ. ಎಲ್ಲಾರಿಗೂ ಹೇಳು." ಎಂಥ ನಿಷ್ಠೆ ನೋಡ್ರಿ ಅಂದ ಪರಮೇಶ, ಅವನ ಕಣ್ಣಲ್ಲಿ ನೀರಿತ್ತು. ನಾನು ಅವನಿಗೆ ಚಹಾ ಮಾಡಿಕೊಟ್ಟೆ, ಕುಡಿದು ಹೋದ. ಒಂದೇ ಒಂದು ಫೋನಿಗೆ ಆಗುವಷ್ಟು ಉಸಿರಿತ್ತು ಅವರಲ್ಲಿ. ಆ ಹೊತ್ತಿನಲ್ಲಿ ನಾನು ನನ್ನ ಫೋನಿನ ಪಕ್ಕದಲ್ಲೇ ಕೂತಿದ್ದೆ. ಈಗಲೂ ಅದು ರಿಂಗಾದರೆ, ಅವರದೇ ಇರಬಹುದು ಅನ್ನಿಸುತ್ತದೆ. ಅದಕ್ಕೇ ಎತ್ತುವುದಿಲ್ಲ, ಸಾವಿತ್ರಿ.